ಐದನೇ ದಿನ ಬರುವ ಸಿಸ್ಟರ್

ಸಿಸ್ಟರ್ ತೀರಿಕೊಂಡ ಸುದ್ದಿ ಬಂದದ್ದು ಫೋನಿನ ಗುಂಪಿನಲ್ಲಿ. ಯಾರೋ ಅವರ ಹಳೆಯ ಫೋಟೋ ಹಾಕಿ ಕೆಳಗೆ ಎರಡು ಸಾಲು ಬರೆದಿದ್ದರು. ಅದರ ಹಿಂದೆಯೇ ಕೈಮುಗಿದ ಚಿತ್ರಗಳು ಒಂದರ ಮೇಲೊಂದು ಬಂದು ಬಿದ್ದವು. ನಾನೂ ಒಂದು ಹಾಕಿದೆ. ಹಾಕಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ನೀರು ಕುಡಿದೆ, ಬಂದು ಕೂತೆ, ಮತ್ತೆ ಎದ್ದೆ. ಪಕ್ಕದ ಮೇಜಿನ ಹುಡುಗಿ, "ಯಾಕ್ರಿ ಮೇಡಮ್, ಕುರ್ಚಿ ಚುಚ್ಚಲತ್ತದೇನ್ರಿ?" ಎಂದು ನಕ್ಕಳು. ಹೌದು ಅಂದೆ. ಅವಳಿಗೆ ಏನಂತ ಹೇಳುವುದು?

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಕಾಗದದ ಮೇಲೆ ಬಂದಾಗಲೆಲ್ಲ ಏನಾದರೊಂದು ಕಿರಿಕಿರಿ ಹಿಂದೆಯೇ ಬರುತ್ತದೆ ಎಂದು ಅವರು ಹೇಳುತ್ತಿದ್ದರು. ಆ ಕಿರಿಕಿರಿಯ ಕಾಗದಗಳಲ್ಲಿ ಅರ್ಧಕ್ಕರ್ಧ ಟೈಪು ಮಾಡಿದವಳು ನಾನೇ. ಅವರು ಔರಾದ ಕಡೆಯ ಐದು ಹಳ್ಳಿಗಳಿಗೆ ಸರಕಾರಿ ನರ್ಸು. ಹಳ್ಳಿಯವರು ಸಿಸ್ಟರ್‌ಬಾಯಿ ಅನ್ನುತ್ತಿದ್ದರು. ಕಮಠಾಣದಲ್ಲಿ ಹೊಲಮನೆ ಮಾಡಿಕೊಂಡಿದ್ದ ಬೌದ್ಧ ಮನೆತನದ ಮಗಳು. ಬೀದರಿನಲ್ಲಿ ತರಬೇತಿ ಮುಗಿಸಿ ಬಂದವರು ನೌಕರಿ ಮುಗಿಯುವವರೆಗೂ ಆ ಐದು ಹಳ್ಳಿಗಳ ದಾರಿಯನ್ನೇ ತುಳಿದರು. ಅವರು ಎಲ್ಲಿಗೆ ಹೋದರು, ಯಾವತ್ತು ಹೋದರು, ಯಾರನ್ನು ನೋಡಿದರು ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಕೂತು ನೋಡುವುದು ನನ್ನ ಕೆಲಸ. ಯಾವ ಕಚೇರಿ ಎಂದು ಕೇಳಬೇಡಿ. ಭಾಲ್ಕಿಯ ನನ್ನ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ, ಅಷ್ಟು ಸಾಕು.

ಕುಳ್ಳಗಿನ ಗಟ್ಟಿ ಆಳು. ಚೀಲ ಹೊತ್ತು ಹೊತ್ತು ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಸರಕಾರ ಕೊಟ್ಟ ಚೀಲ ಹರಿದುಹೋದ ಮೇಲೆ ಠಾಣಾ ಕುಶನೂರಿನ ದರ್ಜಿಯ ಹತ್ತಿರ ಶಾಲಾ ಸಮವಸ್ತ್ರದ ನೀಲಿ ಬಟ್ಟೆಯಲ್ಲಿ ಒಂದನ್ನು ಹೊಲಿಸಿಕೊಂಡಿದ್ದರು. ಅದರೊಳಗೆ ಬಿಪಿ ನೋಡುವ ಯಂತ್ರ, ಥರ್ಮಾಮೀಟರು, ಕಬ್ಬಿಣದ ಗುಳಿಗೆಗಳು, ಒಂದಿಷ್ಟು ಸೇಂಗಾ, ನೀರು ಕುಡಿಯುವ ಒಂದು ಹಿತ್ತಾಳೆ ಚರಗಿ. ಚರಗಿ ಯಾಕೆ ಎಂದು ಒಮ್ಮೆ ಬಸ್ಸಿನಲ್ಲಿ ಕೇಳಿದ್ದೆ. "ಯಾರ ಮನ್ಯಾಗ ನನಗ ಯಾವ ಗಿಲಾಸ ತಗದು ಕೊಡ್ತಾರ ಅನ್ನೂ ಫಿಕರ್ ಬ್ಯಾಡ ನೋಡ್ರಿ, ಅದಕ್ಕ," ಎಂದು ಸೇಂಗಾ ಸುಲಿಯುತ್ತ ಹೇಳಿದರು. ಆಮೇಲೆ ಸಿಪ್ಪೆಯನ್ನು ಕಿಟಕಿಯಿಂದ ಹೊರಗೆ ಊದಿ, ಔರಾದಿನಲ್ಲಿ ಮಳೆ ಆಯಿತೋ ಇಲ್ಲವೋ ಎಂದು ಕಂಡಕ್ಟರನನ್ನು ಕೇಳತೊಡಗಿದರು.

ಅವರ ಕೆಲಸದ ರೀತಿ ಯಾವ ಕೈಪಿಡಿಯಲ್ಲೂ ಇರಲಿಲ್ಲ. ನಮ್ಮ ಕಡೆ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಹೆಸರು ದಾಖಲಾಗುವುದು ಗಂಡನ ಊರಿನಲ್ಲಿ, ಹೆರಿಗೆ ಆಗುವುದು ಬೀದರಿನಲ್ಲಿ, ಬಾಣಂತನ ಮತ್ತೊಂದು ತಾಲ್ಲೂಕಿನ ತವರಿನಲ್ಲಿ. ಗಂಡನ ಊರಿನ ನರ್ಸು "ತವರಿಗಿ ಹೋಗ್ಯಾಳ" ಎಂದು ಬರೆಯುತ್ತಾಳೆ. ತವರಿನ ನರ್ಸಿನ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಹೀಗೆ ಹಸಿ ಬಾಣಂತಿಯೊಬ್ಬಳು ಯಾರಿಗೂ ಸೇರದವಳಾಗಿ ಹದಿನೈದು ದಿನ ಕತ್ತಲ ಕೋಣೆಯಲ್ಲಿ ಮಲಗಿರುತ್ತಾಳೆ. ಪಟ್ಟಿಯಲ್ಲಿಲ್ಲದ ಇಂಥವರನ್ನು ನಮ್ಮ ಸಿಸ್ಟರ್ ಹುಡುಕುತ್ತಿದ್ದದ್ದು ಕಿರಾಣಿ ಅಂಗಡಿಯಲ್ಲಿ. ಬಸ್ಸಿಳಿದವರೇ ಅಂಗಡಿಯವನ ಮುಂದೆ ನಿಂತು, "ಯಣ್ಣಾ, ಈ ವಾರ ಅಂಟು ಯಾರ್ ಒಯ್ದಾರ? ಅಳವಿ ಯಾರ್ ಒಯ್ದಾರ?" ಎಂದು ಕೇಳುವರು. ಬಾಣಂತಿಯ ಉಂಡಿಗೆ ಅಂಟು ಬೇಕು, ಗಂಜಿಗೆ ಅಳವಿ ಬೇಕು. ಅವನು ಎರಡು ಮನೆ ಹೇಳಿದರೆ ಒಂದರಲ್ಲಾದರೂ ಬಾಣಂತಿ ಇರುವಳು. ಲಕ್ಷಗಟ್ಟಲೆ ಸುರಿದು ಮಾಡಿಸಿದ ನಮ್ಮ ಫೋನಿನ ಆಪು ಮಾಡಲಾಗದ್ದನ್ನು ಅಂಗಡಿಯವನ ನೆನಪು ಮಾಡುತ್ತಿತ್ತು. ಇದನ್ನು ಸಿಸ್ಟರ್ ಒಮ್ಮೆ ಸಭೆಯಲ್ಲಿ ಹೇಳಿದ್ದಕ್ಕೆ ನಮ್ಮ ಸಾಹೇಬರಿಗೆ ಅವರ ಮೇಲೆ ಸಿಟ್ಟು ಬಂದಿತ್ತು.

ಬಾಣಂತಿಯ ಕೋಣೆಗೆ ಹೋದರೆ ಅವರು ಕೂಸನ್ನು ನೋಡುತ್ತಲೇ ಇರಲಿಲ್ಲ. ನೋಡುತ್ತಿದ್ದರು, ಆದರೆ ಕಟ್ಟಕಡೆಗೆ. ಹೊಸ್ತಿಲು ದಾಟಿದ ಕೂಡಲೇ ಯಾರಾದರೂ ಕೂಸನ್ನು ತಂದು ಅವರ ಮುಖದ ಮುಂದೆ ಹಿಡಿಯುವರು. ಇವರು ಪಕ್ಕಕ್ಕೆ ಸರಿದು ಮುಂದೆ ಹೋಗಿ ಬಾಣಂತಿಯ ಮಗ್ಗುಲಲ್ಲಿ ನೆಲದ ಮೇಲೆ ಕೂತುಬಿಡುವರು. ಅಜ್ಜಿಯರಿಗೆ ಇದು ಭಾರಿ ಅವಮಾನ.

"ಯಾಕ ಬಾಯಿ, ನಮ್ಮ ಮೊಮ್ಮಗನ ಮಾರಿ ನೋಡಂಗಿಲ್ಲೇನು? ನಿನ್ನ ನಜರ್ ಬೀಳ್ತದಂತೇನು?"

"ಬೀಳ್ತದ ಆಯಿ. ಭಾಳ ಕೆಟ್ಟ ನಜರ್ ಅದ ನಂದು. ಅದಕ್ಕ ಮೊದಲ ನಿನ್ನ ಮಗಳ ಮ್ಯಾಲ ಹಾಕ್ತೇನಿ. ಕೂಸಿಗಿ ನೋಡ್ಲಾಕ ಇಡೀ ಊರೇ ಬರ್ತದ. ಈಕಿಗಿ ನೋಡ್ಲಾಕ ನಾ ಒಬ್ಬಾಕಿ ಬಂದೀನಿ."

ಹೊಟ್ಟೆ ಒತ್ತಿ ನೋಡುವುದು, ಕೆಳರೆಪ್ಪೆ ಎಳೆದು ರಕ್ತ ನೋಡುವುದು, ಹಣೆ ಮುಟ್ಟುವುದು. ಆಮೇಲೆ ಒಂದೇ ಒಂದು ಪ್ರಶ್ನೆ. "ಮುಂಜಾನಿಂದ ಎಷ್ಟ ಚರಗಿ ನೀರ ಕುಡದಿ, ತಂಗಿ?" ಹುಡುಗಿ ಅವ್ವನ ಮುಖ ನೋಡುವಳು. ನಮ್ಮಲ್ಲಿ ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ನೆಗಡಿ ಆಗುತ್ತದೆ ಎಂದು ಅಂಜುತ್ತಾರೆ. ಪ್ರೀತಿಯಿಂದಲೇ ನೀರು ಕೊಡುವುದಿಲ್ಲ. ಸಿಸ್ಟರ್ ವಾದ ಮಾಡುತ್ತಿರಲಿಲ್ಲ. ತಮ್ಮ ಹಿತ್ತಾಳೆ ಚರಗಿ ತೆಗೆದು, "ಬಿಸಲಾಗ ಬಂದೀನಿ ಆಯಿ, ನನಗ ನೀರಡಿಕಿ ಆಗ್ಯಾದ. ನನಗೊಂದ ಚರಗಿ ಹಾಕ್ರಿ, ಈಕಿಗೊಂದ ಕೊಡ್ರಿ. ಕೂಡಿ ಕುಡೀತೇವಿ," ಅನ್ನುವರು. ಬಿಸಿಲಲ್ಲಿ ಬಂದವರಿಗೆ ಇಲ್ಲ ಅನ್ನುವ ಮನೆ ನಮ್ಮ ಜಿಲ್ಲೆಯಲ್ಲಿಲ್ಲ. ಇಬ್ಬರೂ ಕುಡಿದ ಮೇಲೆ ಚರಗಿಯನ್ನು ಮತ್ತೆ ಚಾಚಿ, "ಇನ್ನೊಂದ ಕೊಡ್ರಿ," ಅನ್ನುವರು. ದಿನಕ್ಕೆ ನಾಲ್ಕು ಮನೆಯಾದರೆ ಎಂಟು ಚರಗಿ. ಸಂಜೆಯ ಬಸ್ಸಿನಲ್ಲಿ ಅವರು ಕಾಲು ಕೂಡಿಸಿಕೊಂಡು ಕೂತು, ಕಂಡಕ್ಟರನಿಗೆ "ಲಗೂ ಹೊಡಿ ಅನ್ನಪಾ ನಿಮ್ಮ ಡ್ರೈವರಗ" ಎಂದು ಗದರಿಸುವುದು ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ.

ಈಗ ನಗು ಬರುವುದಿಲ್ಲ. ಮುಂದಿನದನ್ನು ಹೇಳದೆ ಬೇರೆ ದಾರಿಯೂ ಇಲ್ಲ.

ಕೈಪಿಡಿಯ ಪ್ರಕಾರ ಬಾಣಂತಿಯನ್ನು ಮನೆಗೆ ಹೋಗಿ ನೋಡಬೇಕಾದದ್ದು ಮೂರನೇ ದಿನ, ಏಳನೇ ದಿನ, ಆಮೇಲೆ ವಾರಕ್ಕೊಮ್ಮೆ. ಆ ದಿನ ಹೋಗಿ ಫೋನಿನಲ್ಲಿ ಒತ್ತಿದರೆ ನನ್ನ ಪರದೆಯ ಮೇಲೆ ಆ ಹೆಸರಿನ ಸಾಲು ಹಸಿರಾಗುತ್ತದೆ. ಇಲ್ಲದಿದ್ದರೆ ಕೆಂಪು. ಸಿಸ್ಟರ್ ಹೋಗುತ್ತಿದ್ದದ್ದು ಐದನೇ ದಿನ. ಹೀಗಾಗಿ ಅವರ ಐದು ಹಳ್ಳಿಗಳು ತಿಂಗಳಿಂದ ತಿಂಗಳಿಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ ಕಾಣುತ್ತಿದ್ದವು. ಎರಡು ಸಲ ವಿವರಣೆ ಕೇಳಿ ಕಾಗದ ಹೋಯಿತು. ಅವರು ಉತ್ತರ ಬರೆಯುವ ಬದಲು ನೇರ ನನ್ನ ಮೇಜಿಗೇ ಬಂದರು.

"ಮೂರಕ್ಕ ಹೋದ್ರ ಬಾಗಲದಾಗೇ ನಿಲ್ಲಸ್ತಾರ್ರಿ ಮೇಡಮ್. ಐದರ ಪೂಜಿ ಆಗೂತನಾ ಹೊರಗಿನವರು ಬಾಣಂತಿಗಿ ಮುಟ್ಟಂಗಿಲ್ಲ. ಐದಕ್ಕ ಹೋಗ್ರಿ, ಆಕಿಗಿ ಎರದಿರ್ತಾರ, ಓಣಿ ಹೆಣ್ಮಕ್ಕಳೆಲ್ಲಾ ಬಂದಿರ್ತಾರ, ಬಾಗಲಾ ತೆರದಿರ್ತದ. ನಾಕ ದಿನದ ಅರಬಿ ಎಲ್ಲಾ ಒಗದು ಹಾಕಿರ್ತಾರ. ನನಗ ಏನೇನ್ ನೋಡೂದದ, ಎಲ್ಲಾ ಒಂದೇ ದಿನ ಸಿಗ್ತದ."

"ಮೂರಕ್ಕೂ ಹೋಗ್ರಿ, ಐದಕ್ಕೂ ಹೋಗ್ರಿ," ಎಂದು ಒಳಗಿನಿಂದ ಸಾಹೇಬರು ಕೂಗಿದರು.

"ಐದ ಹಳ್ಳಿ ಕೊಟ್ಟೀರಿ ಸಾಹೇಬ್ರ. ಕಾಲ ಎರಡೇ ಅವ," ಎಂದು ಇವರು ಇಲ್ಲಿಂದಲೇ ಕೂಗಿದರು.

ಇದೆಲ್ಲ ನೆಪ ಎಂದು ನನಗೆ ಅನ್ನಿಸಿತ್ತು. ನಾನು ಸ್ವಲ್ಪ ಸಿಡುಕಿನವಳು, ಕೆಂಪು ಸಾಲು ಕಂಡರೆ ಮೈ ಉರಿಯುವ ಸ್ವಭಾವ. ನಾನೇ ಬರುತ್ತೇನೆ, ತೋರಿಸಿ ಎಂದು ಒಂದು ದಿನ ಅವರ ಜೊತೆ ಹೊರಟೆ.

ಅದು ಕುರಿ ಸಾಕುವವರ ಮನೆ. ಮೊದಲ ಹೆರಿಗೆ, ಐದನೇ ದಿನ. ಅಂಗಳದ ತುಂಬ ಹೆಂಗಸರು, ಒಳಗೆ ಪೂಜೆಯ ತಯಾರಿ. ಸಿಸ್ಟರ್ ಪೂಜೆಯ ಕಡೆ ಹೋಗಲಿಲ್ಲ. "ನಮ್ಮ ಮನ್ಯಾಗ ಈ ಪೂಜಿ ಇಲ್ರಿ. ಖರೇ ಆದ್ರ ದಿನ ಭಾಳ ಚಂದ ಆರಿಸ್ಯಾರ ಹಿರ್ಯಾರು," ಎಂದು ನನ್ನ ಕಿವಿಯಲ್ಲಿ ಹೇಳಿ ಸೀದಾ ಹಿತ್ತಲಿಗೆ ನಡೆದರು. ಅಲ್ಲಿ ಹಗ್ಗದ ಮೇಲೆ ಒಂದು ಹಳೆಯ ಸೀರೆ ಒಣಗುತ್ತಿತ್ತು. ಸುತ್ತ ಯಾರೂ ಇಲ್ಲದ್ದು ನೋಡಿ ಸೀರೆಯ ಅಂಚನ್ನು ಎತ್ತಿದರು. ಕೆಳಗೆ ಬಾಣಂತಿಯ ಬಟ್ಟೆಯ ತುಂಡುಗಳು ಸಾಲಾಗಿ ತೂಗುತ್ತಿದ್ದವು. ನಮ್ಮಲ್ಲಿ ಅವನ್ನು ಬಿಸಿಲಿಗೆ ತೋರಿಸುವುದಿಲ್ಲ, ಸೀರೆಯ ಮರೆಯಲ್ಲಿ ಒಣಗಿಸುತ್ತೇವೆ. ಅವರು ಎಣಿಸಿದರು, ಕಲೆ ನೋಡಿದರು, ಒಂದನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ನಾನು ಮುಖ ತಿರುಗಿಸಿದೆ.

"ಬಾಣಂತಿ ಬಾಯಿ ಬಿಟ್ಟು ಹೇಳಂಗಿಲ್ರಿ ಮೇಡಮ್. ಮನಿ ಮಂದಿ ಮುಂದ ಹ್ಯಾಂಗ ಹೇಳ್ತಾಳ? ಇದು ಹೇಳ್ತದ. ಎಷ್ಟ ಹೋಗಲತ್ತದ, ಒಳಗ ಏನರೆ ಕೊಳೀಲತ್ತದೇನು, ಎಲ್ಲಾ," ಎಂದು ಸೀರೆಯನ್ನು ಮೊದಲಿನಂತೆಯೇ ಎಳೆದು ಮುಚ್ಚಿದರು. "ಈಕಿಂದು ಬರಾಬರ್ ಅದ."

ಎರಡು ಹಡೆದವಳು ನಾನು. ಭಾಲ್ಕಿಯಲ್ಲಿ ನನ್ನ ಮೊದಲ ಬಾಣಂತನದಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಸ್ನಾನದ ನೀರನ್ನು ಕದ್ದು ಎರಡು ಗುಟುಕು ಕುಡಿದವಳು. ಆ ದಿನ ಆ ಮನೆಯಲ್ಲಿ ಸಿಸ್ಟರ್ ಚರಗಿ ಚಾಚಿ "ಇನ್ನೊಂದ ಕೊಡ್ರಿ" ಎಂದಾಗ ನನ್ನ ಗಂಟಲೂ ಒಣಗಿತ್ತು. ಹಿಂದಿರುಗುವಾಗ ನನಗೆ ಎಲ್ಲ ತಿಳಿದಿತ್ತು. ಅದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ.

ಆಮೇಲೆ ಬೀದರಿನಲ್ಲಿ ಒಂದು ದೊಡ್ಡ ಸಭೆ ನಡೆಯಿತು. ಪರದೆಯ ಮೇಲೆ ಎಲ್ಲರ ಬಣ್ಣಗಳೂ ಬಂದವು. ನಮ್ಮದರ ಕೆಂಪು ಕಂಡು ಇಡೀ ಸಭೆಯ ಮುಂದೆ ಸಾಹೇಬರಿಗೆ ಮಂಗಳಾರತಿಯಾಯಿತು. ಅವರು ಮರಳಿ ಬಂದು ನನಗೆ ಮಾಡಿದರು. ಆ ಮಧ್ಯಾಹ್ನ ನಾನು ಕೂತು ಮೂರನೇ ಕಾಗದ ಟೈಪು ಮಾಡಿದೆ. ಸಾಹೇಬರು ಹೇಳಿದ್ದು ನಾಲ್ಕು ಸಾಲು. "ನಿಗದಿತ ದಿನಗಳಂದೇ ಭೇಟಿ ನೀಡತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು" ಎಂಬ ಐದನೇ ಸಾಲು ನನ್ನ ಸ್ವಂತದ್ದು. ಐದನೇ ದಿನದ ಬಗ್ಗೆ ಸಾಹೇಬರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ನನಗೂ ಬೈಸಿಕೊಂಡು ಸಾಕಾಗಿತ್ತು.

ಈ ಸಲ ಸಿಸ್ಟರ್ ಬರಲಿಲ್ಲ. ಕಾಗದಕ್ಕೆ ಸಹಿ ಹಾಕಿ ತೆಗೆದುಕೊಂಡರಂತೆ. ಮುಂದಿನ ತಿಂಗಳು ಅವರ ಸಾಲುಗಳು ಒಂದೊಂದೇ ಹಸಿರಾದವು. ನಾನು ಖುಷಿಪಟ್ಟೆ. ಸಾಹೇಬರು ಚಹಾ ತರಿಸಿದರು.

ಆ ಹಸಿರು ಸಾಲುಗಳಲ್ಲಿ ಒಂದು ಅಂಬಿಕಾಳದು. ಭಾಲ್ಕಿ ಕಡೆಯ ಊರಿಗೆ ಕೊಟ್ಟ ಹುಡುಗಿ, ಗಂಡ ಗೌಂಡಿ ಕೆಲಸದವನು. ಬೀದರಿನಲ್ಲಿ ಹೆರಿಗೆಯಾಗಿ ತವರಿಗೆ ಬಂದಿದ್ದಳು. ಸಿಸ್ಟರ್ ಎಂದಿನಂತೆ ಕಿರಾಣಿ ಅಂಗಡಿಯಲ್ಲಿ ಕೇಳಿ ಅವಳನ್ನು ಪತ್ತೆಹಚ್ಚಿ, ಹೆಸರನ್ನು ತಮ್ಮ ಪಟ್ಟಿಗೆ ಹಾಕಿಸಿದ್ದರು. ಮೂರನೇ ದಿನ ಹೋದರು. ಹೊಸ್ತಿಲಲ್ಲೇ ಆಕೆಯ ಅವ್ವ ತಡೆದಳು. "ಐದರ ಪೂಜಿ ಆಗ್ಲಿ ಬಾಯಿ, ಆಮ್ಯಾಲ ಬರ್ರಿ. ಅರಾಮ ಅದಾಳ." ಹೊಸ್ತಿಲಲ್ಲಿ ನಿಂತು ಕೇಳಬಹುದಾದದ್ದು ಅಷ್ಟೇ, ಸಿಗುವ ಉತ್ತರವೂ ಅಷ್ಟೇ. ಸಿಸ್ಟರ್ ಫೋನು ತೆಗೆದು ಒತ್ತಿದರು. ಸಾಲು ಹಸಿರಾಯಿತು. ಐದನೇ ದಿನ ಇನ್ನೊಂದು ಹಳ್ಳಿಯಲ್ಲಿ ಇನ್ನೊಬ್ಬಳ ಏಳನೇ ದಿನವಿತ್ತು, ಆಪು ಹೇಳಿದ ಕಡೆ ಹೋದರು. ಅಂಬಿಕಾಳ ಮನೆಯಲ್ಲಿ ಪೂಜೆಯಾಯಿತು, ಬಾಗಿಲು ತೆರೆದಿತ್ತು, ಹಿತ್ತಲಲ್ಲಿ ಸೀರೆಯ ಕೆಳಗೆ ಬಟ್ಟೆಗಳು ಒಣಗಿದವು. ಯಾರೂ ಎತ್ತಿ ನೋಡಲಿಲ್ಲ.

ಏಳನೇ ದಿನ ಸಿಸ್ಟರ್ ಒಳಗೆ ಕಾಲಿಟ್ಟಾಗ ಕೋಣೆಯ ವಾಸನೆಗೇ ತಿಳಿದುಹೋಯಿತಂತೆ. ಹುಡುಗಿಗೆ ಮೈಮೇಲೆ ಎಚ್ಚರವಿರಲಿಲ್ಲ, ಜ್ವರ ಕೆಂಡದಂತೆ ಸುಡುತ್ತಿತ್ತು. ಗಾಡಿ ತರಿಸಿ ತಾವೇ ತೊಡೆಯ ಮೇಲೆ ತಲೆ ಇಟ್ಟುಕೊಂಡು ಬೀದರಿಗೆ ಒಯ್ದರು. ದಾರಿಯುದ್ದಕ್ಕೂ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತ ಹೋದರು. ಅಲ್ಲಿನ ಡಾಕ್ಟರುಗಳು ದಿನಗಟ್ಟಲೆ ಹೋರಾಡಿ ಜೀವ ಉಳಿಸಿದರು. ಗರ್ಭಕೋಶ ಉಳಿಯಲಿಲ್ಲ. ಎದೆಹಾಲು ಬತ್ತಿ ಕೂಸು ಆಕಳ ಹಾಲಿಗೆ ಬಿತ್ತು. ಆಕೆಗೆ ಇನ್ನೂ ಸರಿಯಾಗಿ ಇಪ್ಪತ್ತೂ ತುಂಬಿರಲಿಲ್ಲ.

ಸಿಸ್ಟರ್ ನನ್ನ ಮೇಜಿಗೆ ಬಂದದ್ದು ಅದಾದ ಮೇಲೆ. ಕೂರಿ ಅಂದರೆ ಕೂರಲಿಲ್ಲ. "ಅಂಬಿಕಾಂದು ತಗೀರಿ, ನೋಡೋಣು," ಎಂದರು. ತೆಗೆದೆ. ಮೂರನೇ ದಿನ ಹಸಿರು, ಏಳನೇ ದಿನ ಹಸಿರು.

"ಎಷ್ಟ ಚಂದ ಹಸರ ಅದ ನೋಡ್ರಿ," ಎಂದರು. ಪರದೆಯ ಮೇಲೆ ಬೆರಳಿಟ್ಟು, "ಮೂರರದ್ದು ಕೆಂಪ ಮಾಡ್ರಿ. ನಾ ಆಕಿಗಿ ನೋಡಿಲ್ಲ. ಬಾಗಲಕ್ಕ ನೋಡಿ ಬಂದೀನಿ," ಎಂದರು.

"ಬರಂಗಿಲ್ರಿ ಸಿಸ್ಟರ್. ಒಮ್ಮಿ ಹಾಕಿದ್ದು ತಗೀಲಾಕ ಬರಂಗಿಲ್ಲ."

"ಒಮ್ಮಿ ಹಸರಾದ್ರ ಹಸರೇ ಏನ್ರಿ?"

ಅವರು ಮೇಜಿನ ಅಂಚು ಹಿಡಿದುಕೊಂಡರು. ಎಡಭುಜ ಇನ್ನೂ ಕೆಳಗಿಳಿದಂತೆ ಕಂಡಿತು. "ನಿನ್ನಿ ಆಕಿ ಮಾತಾಡಿದಳ್ರಿ. ಏನಂದಳು ಗೊತ್ತದೇನು? ‘ಬಾಯಿ, ಅವತ್ತ ನಿಮ್ಮ ದನಿ ನನಗ ಕೇಳ್ಸಿತ್ತು. ನೀರ ಬೇಕಂತ ಒದರಬೇಕಂದೆ. ಬಾಯಿ ಒಣಗಿತ್ತು, ದನಿ ಬರಲಿಲ್ಲ. ಅಷ್ಟರಾಗ ನೀವು ಹೊಂಟ್ರಿ,’ ಅಂದಳು."

ಅಷ್ಟು ಹೇಳಿ ಹೋದರು. ಆ ದಿನ ಬಸ್ಸಿನಲ್ಲಿ ಭಾಲ್ಕಿಯವರೆಗೆ ನಾನು ಹೇಗೆ ಕೂತೆನೋ ಗೊತ್ತಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುತ್ತ ಬಡಿಯುತ್ತ ಅತ್ತೆ. ಗಂಡ ಏನಾಯಿತು ಎಂದರೆ ಹೊಗೆ ಅಂದೆ, ಗ್ಯಾಸಿನ ಒಲೆಯ ಮುಂದೆ.

ಮರುದಿನದಿಂದ ಅವರು ಐದನೇ ದಿನಕ್ಕೇ ಮರಳಿದರು. ಸಾಲುಗಳು ಮತ್ತೆ ಕೆಂಪಾದವು. ಸಾಹೇಬರು ಕಾಗದ ಮಾಡು ಎಂದಾಗಲೆಲ್ಲ ನಾನು ಟೈಪು ಮಾಡಿ, ಸಹಿ ಹಾಕಿಸಿ, ನನ್ನ ಮೇಜಿನ ಡ್ರಾಯರಿನಲ್ಲಿ ಹಾಕಿ ಬೀಗ ಹಾಕುತ್ತಿದ್ದೆ. ನನ್ನ ಧೈರ್ಯ ಅಷ್ಟಕ್ಕೇ ನಿಂತಿತು. ಎದ್ದು ನಿಂತು, ಈಕೆ ಮಾಡುವುದೇ ಸರಿ, ದಿನ ಬದಲಿಸಿ ಎಂದು ಹೇಳುವಷ್ಟು ಬರಲಿಲ್ಲ. ಡ್ರಾಯರು ತುಂಬಿದಾಗ ಸಾಹೇಬರಿಗೆ ವರ್ಗವಾಯಿತು, ನಾನು ಉಳಿದುಕೊಂಡೆ.

ಅವರ ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣು ಕೊಟ್ಟು, ಬಿದರಿ ಕೆಲಸದ ಒಂದು ತಟ್ಟೆ ಕೊಟ್ಟರು. ಮಾತಾಡಿ ಎಂದು ಎಲ್ಲರೂ ಒತ್ತಾಯ ಮಾಡಿದ್ದಕ್ಕೆ ಎದ್ದು ನಿಂತು, "ನನ್ನ ಕೆಂಪ ಸಾಲೆಲ್ಲಾ ಯಾರ ಹೆಸರಿಗಿ ಮಾಡ್ತೀರಿ, ಅದೊಂದ ಹೇಳಿಬಿಡ್ರಿ," ಎಂದು ಕೂತರು. ಸಭೆಯೆಲ್ಲ ನಕ್ಕಿತು. ಅವರು ನನ್ನ ಕಡೆ ನೋಡಿದರೋ ಇಲ್ಲವೋ, ನೋಡಿದರು ಅಂತಲೇ ನನಗೆ ಅನ್ನಿಸಿತು.

ಬಸ್ ನಿಲ್ದಾಣಕ್ಕೆ ನಾನೇ ತಟ್ಟೆ ಹಿಡಿದುಕೊಂಡು ಹೋದೆ. ಬೀದರ ಬಸ್ಸು ಇನ್ನೂ ಬಂದಿರಲಿಲ್ಲ. ಅವರು ಚಹಾವನ್ನು ಬಶಿಗೆ ಸುರಿದು ಊದಿ ಕುಡಿಯುತ್ತಿದ್ದಾಗ ನಾನು ಬಾಯಿ ಬಿಟ್ಟೆ. ಆ ಕಾಗದದ ಐದನೇ ಸಾಲು ನನ್ನದು ಎಂದೆ. ಅಂಬಿಕಾಳ ವಿಷಯದಲ್ಲಿ ತಪ್ಪೆಲ್ಲ ನನ್ನದೇ ಎಂದೆ. ಹೇಳಿದರೆ ಹಗುರಾಗಬಹುದು ಎಂಬ ಆಸೆ ನನಗಿತ್ತು.

ಅವರು ಬಶಿ ಕೆಳಗಿಟ್ಟರು. "ಎಲ್ಲಾ ನಿಮ್ದಂತ ಹ್ಯಾಂಗ ಅಂತೀರಿ? ನಂದು ನನಗ ಇರ್ಲಿ. ನೀವು ಬರದ್ರಿ, ಖರೇ. ನಾ ಅಂಜಿದೆ. ನೌಕರಿ ಮುಗೀಲಾಕ ಬಂದಿತ್ತು, ಈಗ್ಯಾಕ ಲಫಡಾ ಅಂತ ಅಂಜಿದೆ. ಆ ದಿನ ಅಂಬಿಕಾನ ಅವ್ವಗ ಸರಿಸಿ ಒಳಗ ಹೋಗಿದ್ದ್ರ ಯಾರ್ ಏನ್ ಮಾಡ್ತಿದ್ರು?" ಬಶಿ ಮತ್ತೆ ಎತ್ತಿಕೊಂಡು ಹೇಳಿದರು, "ತಪ್ಪ ಹಂಚಕೊಂಡ್ರ ಅರ್ಧ ಆಗಂಗಿಲ್ರಿ ಮೇಡಮ್. ನನಗ ಪೂರಾ ಅದ, ನಿಮಗೂ ಪೂರಾ ಅದ."

ಬಸ್ಸು ಬಂತು. ಹತ್ತಿ ಕಿಟಕಿಯ ಹತ್ತಿರ ಕೂತು ಚೀಲದಿಂದ ಸೇಂಗಾ ತೆಗೆದು ನನಗೂ ಒಂದು ಹಿಡಿ ಕೊಟ್ಟರು. ಕ್ಷಮಿಸಿದ್ದಕ್ಕೋ ಇಲ್ಲ ಸುಮ್ಮನೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಅದೇ ಕೊನೆಯ ಭೇಟಿ. ಆಮೇಲೆ ನಾನೂ ಬೀದರಿಗೆ ಬಂದೆ, ನೌಬಾದದಲ್ಲಿ ಬಾಡಿಗೆ ಮನೆ ಹಿಡಿದೆ. ಕಮಠಾಣ ಇಲ್ಲಿಂದ ಎಷ್ಟು ದೂರ? ಒಂದು ಆಟೋದ ದೂರ. ಹೋಗಲಿಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ಮುಂದೂಡುತ್ತ ಕೂತವಳಿಗೆ ಈಗ ಕೈಮುಗಿದ ಚಿತ್ರ ಹಾಕುವ ಪಾಳಿ ಬಂತು.

ಈಗಿನ ನನ್ನ ಕೆಲಸ ಫೋನು ಮಾಡುವುದು. ಹೆರಿಗೆಯಾಗಿ ಮನೆಗೆ ಹೋದವರ ಪಟ್ಟಿ ಮುಂದಿರುತ್ತದೆ. ಫೋನು ಹಚ್ಚಿ, ತಾಯಿ ಮಗು ಆರಾಮವೇ ಎಂದು ಕೇಳಿ, ಗುರುತು ಹಾಕಬೇಕು. ನಂಬರು ಗಂಡನದೋ ಮಾವನದೋ ಆಗಿರುತ್ತದೆ. ಅವರು ಹೊಲದಲ್ಲೋ ಮಾರ್ಕೆಟ್ಟಿನಲ್ಲೋ ಇದ್ದುಕೊಂಡೇ "ಎಲ್ಲಾ ಬರಾಬರ್ ಅದ್ರಿ" ಅನ್ನುತ್ತಾರೆ. ನಾನು ಗುರುತು ಹಾಕುತ್ತೇನೆ. ದಿನಕ್ಕೆ ಎಷ್ಟೋ ಹೊಸ್ತಿಲುಗಳಲ್ಲಿ ನಿಂತು ಹಿಂದಿರುಗುತ್ತಿದ್ದೇನೆ ಎಂಬುದು ಸುದ್ದಿ ಬಂದ ಆ ಮಧ್ಯಾಹ್ನದವರೆಗೆ ನನಗೆ ಹೊಳೆದಿರಲಿಲ್ಲ.

ಕುರ್ಚಿಯಿಂದ ನಾಲ್ಕು ಸಲ ಎದ್ದು ಕೂತ ಮೇಲೆ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಫೋನು ಹಚ್ಚಿದೆ. ಭಾಲ್ಕಿ ಕಡೆಯ ಹಳ್ಳಿ, ಹೆರಿಗೆಯಾಗಿ ಮೂರನೇ ದಿನ. ಗಂಡ ಎತ್ತಿದ.

"ಕೂಸ ಅರಾಮ ಅದ್ರಿ ಮೇಡಮ್. ಗಂಡಸ ಮಗ."

"ಕೂಸಿನ ಸುದ್ದಿ ಆಮ್ಯಾಲ ಕೇಳ್ತೇನಿ. ಎಲ್ಲಿ ಅದೀರಿ ನೀವು?"

"ಮನ್ಯಾಗೇ ಅದೀನ್ರಿ. ಆಕಿಗಿ ಕರಕೊಂಡು ಬಂದೀನಿ, ಆಕಿ ತವರಮನಿ ಇದು."

"ಆಕಿ ಕೈಯಾಗ ಫೋನ್ ಕೊಡ್ರಿ."

"ಆಕಿ ಒಳಗ ಅದಾಳ್ರಿ. ಐದ ದಿನ ಆಗೂತನಾ ಫೋನ್ ಹಿಡೀಬಾರದಂತ ನಮ್ಮತ್ತಿ ಹೇಳ್ಯಾರ."

"ಆಕಿ ಹಿಡೀಲಾಕ ಬ್ಯಾಡ. ನೀವು ಹಿಡೀರಿ, ಆಕಿ ಕಿವಿಗಿ ಹಚ್ರಿ. ನಾ ಕಾಯ್ತೇನಿ."

ಅವನು ಗೊಣಗಿದ. ನ್ಯಾಯವೇ, ಅವನಿಗೂ ಅತ್ತೆಯ ಅಂಜಿಕೆ. ಕಾಲಿನ ಸಪ್ಪಳ ಕೇಳಿತು, ಬಾಗಿಲು ನೂಕಿದ ಸದ್ದು, ಹೆಂಗಸೊಬ್ಬಳ ಬೈಗುಳ. ನಾನು ಎದ್ದು ನಿಂತೇ ಕಾದೆ. ಆಮೇಲೆ ಯಾರದೋ ಉಸಿರು ಕೇಳಿತು.

"ತಂಗಿ, ನಾ ಬೀದರದಿಂದ ಮಾತಾಡ್ಲತ್ತೀನಿ. ಮುಂಜಾನಿಂದ ಎಷ್ಟ ಚರಗಿ ನೀರ ಕುಡದಿ?"

ಪಕ್ಕದ ಮೇಜಿನ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಆ ಪ್ರಶ್ನೆ ನಮ್ಮ ಪಟ್ಟಿಯಲ್ಲಿಲ್ಲ. ನಾನು ಕಿವಿಗೆ ಫೋನು ಒತ್ತಿಕೊಂಡೆ. ಬಹಳ ಹೊತ್ತಿನ ಮೇಲೆ, ಪಕ್ಕದಲ್ಲಿದ್ದವರಿಗೂ ಕೇಳಬಾರದು ಎಂಬಂಥ ಸಣ್ಣ ದನಿಯಲ್ಲಿ ಆ ಹುಡುಗಿ ಹೇಳಿದಳು.

"ನೀರಡಿಕಿ ಆಗ್ಯಾದ್ರಿ."

"ನಿಮ್ಮವ್ವಗ ಕೊಡಸು ಫೋನು," ಎಂದೆ. ಅವ್ವ ಬಂದಳು. ನಾನು ಜಗಳವಾಡಲಿಲ್ಲ. ವಾದ ಮಾಡಲೂ ಇಲ್ಲ. "ಆಯಿ, ನನಗೂ ಭಾಳ ನೀರಡಿಕಿ ಆಗ್ಯಾದ. ನಾ ಇಲ್ಲಿ ಒಂದ ಗಿಲಾಸ ಕುಡೀತೇನಿ, ನೀವು ಅಲ್ಲಿ ಆಕಿಗಿ ಒಂದ ಚರಗಿ ಕೊಡ್ರಿ. ಕಾಸಿ ಆರಿಸಿದ ನೀರು ಇರ್ಲಿ, ಏನೂ ಆಗಂಗಿಲ್ಲ. ಫೋನ್ ಇಡಬ್ಯಾಡ್ರಿ," ಎಂದೆ. ನನಗೆ ಹುಚ್ಚು ಎಂದು ಆಕೆಗೆ ಅನ್ನಿಸಿರಬೇಕು. ಆದರೂ ನೀರಿನ ಪಾತ್ರೆಯ ಮುಚ್ಚಳ ಸರಿದ ಸದ್ದು ಬಂತು, ಚರಗಿ ನೀರಲ್ಲಿ ಅದ್ದಿದ ಸದ್ದು ಬಂತು. ಆಮೇಲೆ ಗಟಗಟನೆ ಕುಡಿಯುವ ಸದ್ದು. ಅದು ಮುಗಿಯುವವರೆಗೆ ನಾನೂ ಗಿಲಾಸು ಎತ್ತಿ ಕುಡಿಯುತ್ತಿದ್ದೆ.

ನನ್ನ ಗಿಲಾಸೂ ಖಾಲಿಯಾಗಿತ್ತು.

"ಇನ್ನೊಂದ ಕೊಡ್ರಿ," ಎಂದೆ.